ಮೂರನೇ ಗುಂಡು ಏರಿದ ದಿನ

ಮೂರನೇ ಗುಂಡು ಮೇಲಕ್ಕೇರಿದ ದಿನ ಭಾಮೈದನ ಕೈ ಮುರಿಯುತ್ತೇನೆ ಎಂದು ಆಸ್ಪತ್ರೆಯ ಹಾಸಿಗೆಯಲ್ಲೇ ಆಣೆ ಮಾಡಿದ್ದೆ. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು, ಅವನ ಎದುರಿಗೂ ಅವನ ಅಕ್ಕನ ಎದುರಿಗೂ. ಅವನ ಅಕ್ಕ ಎಂದರೆ ನನ್ನ ಹೆಂಡತಿ.

ಗುಂಡು ಎಂದರೆ ಪ್ಲಾಸ್ಟಿಕ್ ಗುಂಡು. ಉಸಿರಿನ ವ್ಯಾಯಾಮಕ್ಕೆ ಕೊಡುವ ಡಬ್ಬಿಯಲ್ಲಿ ಪಕ್ಕಪಕ್ಕ ಮೂರು ಕೊಳವೆ, ಒಳಗೆ ಒಂದೊಂದು ಗುಂಡು, ಬಾಯಿಗಿಡಲು ಒಂದು ಪೈಪು. ಉಸಿರನ್ನು ಒಳಕ್ಕೆ ಎಳೆದರೆ ಗುಂಡು ಒಂದಾದ ಮೇಲೊಂದು ಏರಬೇಕು; ಮೂರನೆಯದೂ ಏರಿದರೆ ಎದೆ ಗಟ್ಟಿಯಾಯಿತೆಂದು ಲೆಕ್ಕ. ನನ್ನ ಎದೆ ಸೀದಾ ಕಾರಿನ ಡ್ಯಾಶ್‌ಬೋರ್ಡಿಗೆ ಬಡಿದಿತ್ತು. ಐದು ಪಕ್ಕೆಲುಬು ಮುರಿದು, ಒಂದರ ಚೂಪು ಶ್ವಾಸಕೋಶಕ್ಕೆ ಚುಚ್ಚಿ, ಅದು ಪಂಕ್ಚರಾದ ಟ್ಯೂಬಿನಂತೆ ಮುದುಡಿತ್ತು. ಪಕ್ಕೆಗೆ ತೂತು ಮಾಡಿ ಪೈಪು ಇಳಿಸಿದರು; ಹನ್ನೊಂದು ದಿನ ನನ್ನ ರಕ್ತ ಮಂಚದ ಕೆಳಗಿನ ಬಾಟಲಿಗೆ ಸುರಿಯಿತು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಆಗ ಒಳಗೆ ಮೂಳೆಗೆ ಮೂಳೆ ತಿಕ್ಕುವ ಸದ್ದು ನನಗೇ ಕೇಳಿಸುತ್ತಿತ್ತು. ಇಂಥದ್ದು ಶತ್ರುವಿಗೂ ಬೇಡಪ್ಪ ಎನ್ನುತ್ತಾರೆ ಜನ. ನಾನು ಅನ್ನಲಿಲ್ಲ. ನನಗೊಬ್ಬ ಶತ್ರು ಇದ್ದ, ಅವನಿಗೆ ಇದು ಬೇಕೇ ಬೇಕಿತ್ತು.

ನನ್ನ ಕಾರು ಓಡಿಸುತ್ತಿದ್ದವನು ಆ ಭಾಮೈದನೇ. ಲಾರಿಯೊಂದು ಗಲ್ಲಿಯಿಂದ ಹಿಂದಕ್ಕೆ ನುಗ್ಗಿ ರಸ್ತೆಗೆ ಬಂತು, ಇವನು ಬ್ರೇಕ್ ತುಳಿದ, ಕಾರು ಹೋಗಿ ಲಾರಿಗೆ ಗುದ್ದಿತು. ಇಬ್ಬರೂ ಬೆಲ್ಟ್ ಹಾಕಿಕೊಂಡಿದ್ದೆವು. ಅವನ ಹೆಗಲ ಮೇಲೆ ಒಂದು ಕೆಂಪು ಬರೆ ಮಾತ್ರ. ಪಕ್ಕದಲ್ಲಿ ಕೂತಿದ್ದ ನಾನು ನುಚ್ಚುನೂರು. ಇದ್ಯಾವ ನ್ಯಾಯ?

ಮನೆಗೆ ಬಂದ ಮೇಲೂ ಅವನು ದಿನಾ ಬೆಳಿಗ್ಗೆ ಬಂದು ಡಬ್ಬಿ ಹಿಡಿಯುತ್ತಿದ್ದ.

“ಎಳೀರಿ ಭಾವ.”

“ನಿನ್ನ ಮುಖ ನೋಡಿದ್ರೆ ಇರೋ ಉಸಿರೂ ಹೋಗುತ್ತೆ. ತೊಲಗೋ ಆಚೆ.”

“ಕೈ ಮುರೀತೀನಿ ಅಂದೋರು ಇವ್ರೇನಾ? ಇಷ್ಟೇನಾ ದಮ್ಮು? ನಮ್ಮಕ್ಕ ನಿಟ್ಟುಸಿರು ಬಿಟ್ರೂ ಇದಕ್ಕಿಂತ ಜೋರಾಗಿರುತ್ತೆ.”

ಮೈಯೆಲ್ಲಾ ಉರಿದುಹೋಗುತ್ತಿತ್ತು. ಕಣ್ಣಲ್ಲಿ ನೀರು ಬರುವ ತನಕ ಎಳೆಯುತ್ತಿದ್ದೆ. ಮೊದಲ ಗುಂಡು ಏರಿದಾಗ ಅವನ ಬೆರಳು ಮುರಿದಂತೆ ನೆನೆಸಿಕೊಂಡೆ. ಎರಡನೆಯದಕ್ಕೆ ಮೊಣಕೈ. ಫಿಸಿಯೋಥೆರಪಿ ಮೇಡಂ ಬೆರಗಾಗಿ, “ಏನ್ ಛಲ ರೀ ನಿಮ್ದು!” ಎಂದರು. ಛಲವಲ್ಲ ಮೇಡಂ, ಹಗೆ.

“ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಕಣ್ರೀ,” ಎಂದಳು ಹೆಂಡತಿ.

“ನಾನು ಕೈ ಹಾಕ್ತಿರೋದು ಮೂಗಿಗಲ್ಲ, ಬಿಡು.”

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ನಾನೊಬ್ಬನೇ ಇದ್ದಾಗ, ಮೂರನೇ ಗುಂಡು ಟಕ್ ಎಂದು ಮುಚ್ಚಳಕ್ಕೆ ಬಡಿಯಿತು. ಡಬ್ಬಿ ಕೆಳಗಿಟ್ಟೆ, ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಹೊರಟೆ. ಎರಡೇ ಬೀದಿ ದೂರ; ನಾಲ್ಕು ಸಲ ಗೋಡೆ ಹಿಡಿದು ನಿಂತೆ.

ಶೆಡ್ಡು ನನ್ನದು. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವುದು, ತೀರಾ ಜಜ್ಜಿಹೋದದ್ದನ್ನು ಬಿಚ್ಚಿ ಬಿಡಿಭಾಗ ಮಾರುವುದು ನಮ್ಮ ಕಸುಬು. ಬಿಚ್ಚಿದ ಪ್ರತಿ ಭಾಗದ ಮೇಲೂ ಅದು ಎಷ್ಟನೇ ಕಾರಿನದು ಎಂದು ಬಿಳಿ ಬಣ್ಣದಲ್ಲಿ ನಾನೇ ಬರೆಯುತ್ತೇನೆ. ಆ ಬ್ರಷ್ಷನ್ನು ಇನ್ನೊಬ್ಬರ ಕೈಗೆ ಕೊಡುವವನಲ್ಲ. ಇನ್ನೊಂದು ಕಟ್ಟುನಿಟ್ಟು: ಅಪಘಾತದಲ್ಲಿ ಒಮ್ಮೆ ಜಗ್ಗಿದ ಸೀಟ್ ಬೆಲ್ಟನ್ನು ಮತ್ತೆ ಯಾವ ಕಾರಿಗೂ ಹಾಕಕೂಡದು. ಅಂಥ ಬೆಲ್ಟು ಎರಡನೇ ಸಲ ಹಿಡಿಯುತ್ತದೆಂಬ ಭರವಸೆ ಇಲ್ಲ. ಭಾಮೈದನ ತಲೆಗೆ ಮೊಟಕಿ ಮೊಟಕಿ ಇದನ್ನು ಕಲಿಸಿದವನೂ ನಾನೇ.

ಅವನು ಒಬ್ಬನೇ ಇದ್ದ. ನನ್ನ ಕಡೆ ಬೆನ್ನು ಹಾಕಿ, ನೆಗ್ಗಿದ ಬಾಗಿಲೊಂದನ್ನು ಎಡಗೈಯಿಂದ ಬೆಂಚಿಗೆ ಒತ್ತಿ ಹಿಡಿದಿದ್ದ. ಗೋಡೆಯಲ್ಲಿದ್ದ ದೊಡ್ಡ ಸುತ್ತಿಗೆ ತೆಗೆದುಕೊಂಡೆ.

“ಮೂರನೇದು ಏರ್ತು ಕಣೋ.”

ತಿರುಗಿದ. ಮುಖ ಅರಳಿತು ಆ ಪಾಪಿಗೆ. “ನಿಜವಾಗ್ಲೂ ಭಾವ?” ಎಂದ. ಸುತ್ತಿಗೆಯನ್ನು ನೋಡಿಯೂ ಕೈ ತೆಗೆಯಲಿಲ್ಲ.

ಹೊಡೆದೆ. ಮಣಿಕಟ್ಟು ಒಣಕಡ್ಡಿಯಂತೆ ಲಟಕ್ಕೆಂದಿತು. ಕಿರುಚಿಕೊಂಡು ಕುಸಿದ, ಕೈ ಬಾಗಬಾರದ ಕಡೆಗೆ ಬಾಗಿ ನೇತಾಡಿತು. ಇನ್ನೊಂದು ಏಟಿಗೆ ಸುತ್ತಿಗೆ ಎತ್ತಿದೆ. ಎತ್ತಿದ್ದಷ್ಟೇ. ಎದೆಯೊಳಗೆ ಗಾಳಿಯೇ ಇಲ್ಲ. ಸುತ್ತಿಗೆ ಕೈಜಾರಿತು, ಮುಗ್ಗರಿಸಿದೆ. ಪಕ್ಕದಲ್ಲಿ ಜಜ್ಜಿದ ಕಾರೊಂದು ಬಾಗಿಲು ತೆರೆದು ನಿಂತಿತ್ತು. ಬೀಳುತ್ತಾ ಅದರ ಬೆಲ್ಟಿಗೆ ಜೋತುಬಿದ್ದೆ. ಅದು ಹಿಡಿಯಲಿಲ್ಲ. ಸರ್ರೆಂದು ಬುಡದ ತನಕ ಬಿಚ್ಚಿಕೊಂಡು ನನ್ನ ಜೊತೆಗೇ ನೆಲಕ್ಕೆ ಬಂತು.

ಆಗ ನೋಡಿದೆ, ನನ್ನದೇ ಕಾರು. ನಾನು ಕೂತಿದ್ದ ಸೀಟು. ಸುರುಳಿಯೊಳಗೆ ಅಡಗಿದ್ದ ಬೆಲ್ಟಿನ ಬುಡದಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು: ಮೂವತ್ತೇಳು. ನನ್ನ ಕೈಬರಹ.

ಮೂವತ್ತೇಳನೆಯದು ಮರಕ್ಕೆ ಗುದ್ದಿ ಬಂದಿದ್ದ ಕಾರು. ನನ್ನ ಕಾರಿನ ಬೆಲ್ಟು ಹರಿದಿತ್ತು, ಹೊಸದು ಬರಲು ವಾರವಾಗುತ್ತದೆ ಎಂದಿದ್ದರು. ಒಂದು ವಾರಕ್ಕೆ ಏನಾದೀತು ಎಂದು ಇದೇ ಕೈಯಿಂದ ಬೋಲ್ಟು ಬಿಗಿದಿದ್ದೆ. ಬಿಗಿದು ಮರೆತೂಬಿಟ್ಟಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಥೂ ನನ್ನ ಜನ್ಮಕ್ಕೆ!

ಗೊತ್ತಿತ್ತಾ ಎಂದು ಕೇಳಿದೆ. ಶಬ್ದ ಹೊರಡಲಿಲ್ಲ, ತುಟಿ ಅಲ್ಲಾಡಿದ್ದರಲ್ಲೇ ಅವನಿಗೆ ತಿಳಿಯಿತು.

“ಕಾರು ಎಳ್ಕೊಂಡ್ ಬಂದ ದಿನಾನೇ ನೋಡ್ದೆ ಭಾವ. ಹೇಳ್ಬೇಕು ಅಂತ್ಲೇ ಆಸ್ಪತ್ರೆಗೆ ಬಂದೆ. ನೀವು ನನ್ನ ಬೈಕೊಂಡು ಎಳೆದ್ರಿ, ಗುಂಡು ಒಂಚೂರು ಅಲ್ಲಾಡ್ತು. ಹೇಳ್ಬಿಟ್ಟಿದ್ರೆ ಆಮೇಲೆ ಯಾರ ಮೇಲಿನ ಸಿಟ್ಟಿಗೆ ಎಳೀತಿದ್ರಿ?”

ಕಣ್ಣು ಕತ್ತಲಿಟ್ಟಿತು. ಅವನು ತೆವಳಿಕೊಂಡು ಬಂದು, ಬಲಗೈಯಿಂದ ನನ್ನನ್ನು ಎಬ್ಬಿಸಿ ಕೂರಿಸಿ, ಮುಂದಕ್ಕೆ ಬಾಗಿಸಿದ. ಅವನ ಎಡಗೈ ನನ್ನ ತೊಡೆಯ ಮೇಲೆ ಬಿದ್ದಿತ್ತು, ಆಗಲೇ ಊದಿ ನೀಲಿಗಟ್ಟಿತ್ತು. ನೋವಿಗೆ ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

“ಮೂಗಿಂದ ಎಳೀರಿ. ಬಿಸಿ ಹಾಲು ಆರಿಸ್ತಾರಲ್ಲ, ಹಾಗೆ ಬಾಯಿಂದ ಮೆಲ್ಲಗೆ ಬಿಡಿ. ಎಳೀರಿ ಭಾವ. ಇಷ್ಟೇನಾ ದಮ್ಮು?”

ಬೈಯಲು ಬಾಯಿ ತೆರೆದೆ. ಬೈಯಲು ನನ್ನನ್ನು ಬಿಟ್ಟು ಯಾರೂ ಉಳಿದಿರಲಿಲ್ಲ. ಆ ಊದಿದ ಕೈಯನ್ನೇ ನೋಡುತ್ತಾ ಎಳೆದೆ.