ಖಾತ್ರಿಯಾಗದೆ ಬಾಯಿಬಿಡದ ಭಾವ

ನನ್ನ ಭಾವನನ್ನು ಏನಾದರೂ ಕೇಳಿದರೆ, ಉತ್ತರ ಬರುವಷ್ಟರಲ್ಲಿ ಕೇಳಿದವರು ಬೇರೆ ಕೋಣೆಗೆ ಹೋಗಿರುತ್ತಾರೆ. ಉತ್ತರ ಅವರನ್ನು ಹುಡುಕಿಕೊಂಡು ಬರುತ್ತದೆ. ಕಾಫಿಯೋ ಚಹಾವೋ ಎಂಬಷ್ಟು ಸಣ್ಣ ಪ್ರಶ್ನೆಗೂ ಅವರು ಕನ್ನಡಕದ ಡಬ್ಬಿಯನ್ನು ಟಕ್ಕೆಂದು ತೆರೆದು, ಟಕ್ಕೆಂದು ಮುಚ್ಚಿ, ಎದುರಿನ ಗೋಡೆ ನೋಡುತ್ತ ಅಲುಗದೆ ಕೂರುತ್ತಾರೆ. ನಡಿಗೆಯೂ ಹಾಗೆಯೇ: ದಿನವೂ ಹತ್ತುವ ಮೆಟ್ಟಿಲನ್ನೂ ಪಾದದಿಂದ ಒತ್ತಿ ನೋಡಿ, ಅದು ನಿನ್ನೆಯ ಮೆಟ್ಟಿಲೇ ಎಂದು ಖಾತ್ರಿಯಾದ ಮೇಲೆ ಮೈಭಾರ ಬಿಡುವ ನಡಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತಮ್ಮ ತಾಯಿ ಹೇಳಿಕೊಟ್ಟದ್ದನ್ನು ಇಷ್ಟು ಅಕ್ಷರಶಃ ಪಾಲಿಸಿದವರನ್ನು ನಾನು ಬೇರೆ ಕಂಡಿಲ್ಲ.

ಸಾಫ್ಟ್‌ವೇರ್ ಬರೆಯುವುದು ಅವರ ಕಸುಬು. ಹಳೆಯ ಕಂಪನಿಯನ್ನು "ಸಾಕಾಯ್ತು" ಎಂಬ ಒಂದೇ ಮಾತಿನಲ್ಲಿ ಬಿಟ್ಟು ಬಂದವರು, ಆನ್‌ಲೈನ್‌ನಲ್ಲಿ ಸಾಮಾನು ಮಾರುವ ದೊಡ್ಡದೊಂದು ಕಂಪನಿಯ ಸಂದರ್ಶನಕ್ಕೆ ಲ್ಯಾಪ್‌ಟಾಪಿನ ಮುಂದೆ ಕುಳಿತರು. ಅತ್ತಲಿನವರು ಪ್ರಶ್ನೆ ಕೇಳಿದರು, ಭಾವ ಯೋಚಿಸತೊಡಗಿದರು. ರೆಪ್ಪೆಯೂ ಆಡದ ಆ ಮುಖವನ್ನು ಕಂಡು ನೆಟ್‌ವರ್ಕ್ ಕೈಕೊಟ್ಟಿತೆಂದುಕೊಂಡ ಅವರು ಕರೆ ಕತ್ತರಿಸಿದರು. ಮತ್ತೆ ಕರೆ ಮಾಡಿದಾಗಲೂ ಅದೇ ಕಥೆ. ಅಲ್ಲೇ ಇನ್ನೊಂದು ಅವಕಾಶ ಸಿಗುವ ವೇಳೆಗೆ ವರ್ಷ ಉರುಳಿತ್ತು. ಐವತ್ತರ ಹೊಸ್ತಿಲಲ್ಲಿದ್ದ ಭಾವ, ಇದೂ ತಪ್ಪಿದರೆ ಈ ಕಸುಬಿಗೇ ಕೈಮುಗಿಯುತ್ತೇನೆ ಎಂದರು. ಖಾತ್ರಿಯಿಲ್ಲದೆ ಅವರು ಹಾಗೆ ಹೇಳಿರಲಾರರು ಎಂಬುದೇ ನನ್ನ ಅಕ್ಕನ ಭಯವಾಗಿತ್ತು.

ತಯಾರಿಗೆ ಬಂದವನು ಭಾವನ ಹಳೆಯ ಸಹೋದ್ಯೋಗಿ. ಮಾತು ನಿಲ್ಲಿಸಲು ಬಾರದ ಅವನನ್ನು ಮನೆಯವರೆಲ್ಲ ರೇಡಿಯೊ ಎನ್ನುತ್ತಿದ್ದೆವು. ಅದೇ ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಊಟದ ಮೇಜಿನ ಆಚೆ ಬದಿಗೆ ಕುಳಿತು ಸಂದರ್ಶಕನಾಗುತ್ತಿದ್ದ.

"ಒಂದೇ ಒಂದು ಜೊತೆ ಶೂ ಉಳಿದಿದೆ. ಇಬ್ಬರು ಒಂದೇ ಕ್ಷಣಕ್ಕೆ ಬಟನ್ ಒತ್ತಿದ್ರು. ಯಾರಿಗೆ ಕೊಡ್ತೀರಿ?"

ಡಬ್ಬಿ ಟಕ್ಕೆಂದಿತು. ಕಣ್ಣು ಗೋಡೆಗೆ ಹೋಯಿತು.

"ಗುರುವೇ, ನೀವು ಯೋಚ್ನೆ ಮುಗ್ಸೋದ್ರೊಳಗೆ ಇಬ್ಬರೂ ಬರಿಗಾಲಲ್ಲಿ ಮನೆ ಸೇರಿರ್ತಾರೆ."

"ಪೂರ್ತಿ ಗೊತ್ತಾಗದೆ ಏನು ಹೇಳ್ಲಿ?"

"ಗೊತ್ತಿಲ್ಲದ್ದನ್ನೇ ಹೇಳಿ! ನೀವು ಹೇಗೆ ಯೋಚಿಸ್ತೀರಿ ಅಂತ ಅವರು ನೋಡೋದು. ಮುತ್ತನ್ನ ಬಾಯಲ್ಲೇ ಇಟ್ಕೊಂಡ್ರೆ ಹಲ್ಲುನೋವು ಅಂದ್ಕೊಳ್ತಾರೆ, ಅಷ್ಟೆ."

ಅಕ್ಕ ತನ್ನದೇ ಪಾಠ ಶುರುಮಾಡಿದಳು. ಒಣಗಿದ ಬಟ್ಟೆಯ ರಾಶಿಯನ್ನು ಭಾವನ ಮುಂದೆ ಸುರಿದು, ಮಡಿಸುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕೆಂದು ಅಪ್ಪಣೆ ಮಾಡಿದಳು.

"ರೀ, ಬೆಡ್‌ಶೀಟ್ ಯಾಕೆ ಮೊದ್ಲು ತಗೊಂಡ್ರಿ?"

"…ದೊಡ್ಡದು ಕೆಳಗಿದ್ರೆ ಅಟ್ಟಿ ಬೀಳಲ್ಲ."

"ಇಷ್ಟು ಹೇಳೋಕೆ ಇಷ್ಟು ಹೊತ್ತಾ? ನಾನು ಅಷ್ಟರಲ್ಲಿ ಇಸ್ತ್ರಿನೂ ಮಾಡಿರ್ತಿದ್ದೆ."

ಹೀಗೆ ಅಂಗಿ, ಟವೆಲು, ದಿಂಬಿನ ಚೀಲಗಳ ಮೇಲೆ ಭಾವ ನಿಧಾನಕ್ಕೆ ಬಾಯಿ ಬಿಡುವುದನ್ನು ಕಲಿತರು. ಮಗು ಗೋಡೆ ಹಿಡಿದು ನಡೆಯುವಂತೆ, ವಾಕ್ಯದಿಂದ ವಾಕ್ಯಕ್ಕೆ ಕೈಬಿಡದೆ. ಆದರೆ ಒಂದು ಪ್ರಶ್ನೆಗೆ ಮಾತ್ರ ಅವರು ಪ್ರತಿಸಲವೂ ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ನಿಮ್ಮಿಂದಾದ ಒಂದು ತಪ್ಪನ್ನು ಹೇಳಿ ಎಂಬುದು ಆ ಪ್ರಶ್ನೆ. ಇದಕ್ಕೆ ಎಲ್ಲರೂ ನಿರುಪದ್ರವಿ ತಪ್ಪೊಂದನ್ನು ಸಾಕಿಕೊಂಡಿರುತ್ತಾರೆ. ರೇಡಿಯೊ ತನ್ನದನ್ನೇ ಎರವಲು ಕೊಡಲು ಸಿದ್ಧನಿದ್ದ. ಭಾವ ಬೇಡವೆಂದರು. ಒಂದು ಸಂಜೆ, ನೀರು ಕುಡಿದು ಬಂದು, ಯಾರೂ ಕೇಳದಿದ್ದರೂ ಹೇಳಿದರು.

"ಹಳೇ ಕಂಪನೀಲಿ ಒಂದು ದೊಡ್ಡ ರಿಯಾಯಿತಿ ಮಾರಾಟಕ್ಕೆ ಮುಂಚೆ, ಗೋದಾಮಿನ ಲೆಕ್ಕ ಎಲ್ಲೋ ತಪ್ಪಿದೆ ಅಂತ ನಂಗೆ ಅನುಮಾನ ಬಂದಿತ್ತು. ಖಾತ್ರಿ ಮಾಡ್ಕೊಂಡು ಹೇಳೋಣ ಅಂತ ಕೂತೆ. ಖಾತ್ರಿ ಆಗೋ ಹೊತ್ತಿಗೆ, ಇಲ್ಲದ ಸಾಮಾನನ್ನ ಜನ ಕೊಂಡಾಗಿತ್ತು. ಯಾರೂ ನನ್ನ ಬೈಲಿಲ್ಲ. ನಂಗೆ ಮೊದ್ಲೇ ಅನ್ನಿಸಿತ್ತು ಅಂತ ಯಾರಿಗೂ ಗೊತ್ತಿರ್ಲಿಲ್ಲ."

ಅಕ್ಕನ ಕೈಯಲ್ಲಿದ್ದ ಟವೆಲು ಅರ್ಧ ಮಡಿಕೆಯಲ್ಲೇ ನಿಂತಿತು. "ಅದಕ್ಕೆ ಕೆಲಸ ಬಿಟ್ರಾ? ಇಷ್ಟು ದಿನ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳೋದು ಅಂತ ಯೋಚ್ನೆ ಮಾಡ್ತಿದ್ದೆ."

ನಗಬೇಕೋ ಅಳಬೇಕೋ ಅಕ್ಕನಿಗೆ ತಿಳಿಯಲಿಲ್ಲ. ರೇಡಿಯೊ ಮೊದಲ ಬಾರಿಗೆ ದನಿ ತಗ್ಗಿಸಿದ. "ಗುರುವೇ, ಇದನ್ನೇ ಹೇಳಿ," ಎಂದ.

ಸಂದರ್ಶನದ ದಿನ ಭಾವ ಕೋಣೆಯ ಬಾಗಿಲನ್ನು ಪೂರ್ತಿ ಹಾಕಿಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ನಾನೂ ಅಕ್ಕನೂ ಕುಕ್ಕರನ್ನೂ ಹಚ್ಚದೆ ಕಿವಿಗೊಟ್ಟು ನಿಂತೆವು. ತಪ್ಪಿನ ಪ್ರಶ್ನೆ ಬಂತು. ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ಆಮೇಲೆ ಕಠಿಣವಾದ ಇನ್ನೊಂದು ಪ್ರಶ್ನೆ, ಹಿಂದೆಯೇ ಆ ಹಳೆಯ ಮೌನ. ಅಕ್ಕ ಕಟ್ಟೆಯ ಅಂಚನ್ನು ಹಿಡಿದುಕೊಂಡಳು. ಅಷ್ಟರಲ್ಲಿ ಭಾವನ ದನಿ ಕೇಳಿತು: "ಉತ್ತರ ಇನ್ನೂ ಸಿಕ್ಕಿಲ್ಲ. ಆದ್ರೆ ಈಗ ಎಲ್ಲಿದ್ದೀನಿ ಅಂತ ಹೇಳ್ತೀನಿ." ಒಂದು ದಾರಿ ಹಿಡಿದರು, ಅರ್ಧಕ್ಕೆ ನಿಂತರು, "ಅಲ್ಲ, ಇದು ತಪ್ಪು" ಎಂದು ಹಿಂದೆ ಬಂದರು, ಮತ್ತೊಂದು ಹಿಡಿದರು. ಅಷ್ಟು ವರ್ಷಗಳ ಸಂಸಾರದಲ್ಲಿ ಗಂಡ ಬಾಯಿಬಿಟ್ಟು ತಪ್ಪುವುದನ್ನು ಅಕ್ಕ ಕೇಳಿದ್ದು ಅದೇ ಮೊದಲು.

ಕೆಲಸ ಸಿಕ್ಕಿತು, ಕೇಳಿದ್ದಕ್ಕಿಂತ ಒಂದು ದರ್ಜೆ ಕೆಳಗಿನದು. ತಮ್ಮ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅನುಮಾನ ಎತ್ತುವವರು ಅವರೇ ಅಂತೆ. ಅವುಗಳಲ್ಲಿ ಅರ್ಧ ಸುಳ್ಳಾಗುತ್ತವೆ, ಯಾರೂ ದೂರುವುದಿಲ್ಲ ಎಂದು ರೇಡಿಯೊ ಬಂದು ಹೇಳುತ್ತಾನೆ.

ಅಳೆದು ಸುರಿದು ಮಾತಾಡುವವರನ್ನು ಲೋಕ ಮಂದಬುದ್ಧಿಯವರೆಂದೋ ಬಿಂಕದವರೆಂದೋ ತಿಳಿಯುತ್ತದೆ. ಎರಡೂ ಅಲ್ಲ. ನಮ್ಮ ಕೈಗೆ ಪೂರ್ಣವಾದದ್ದನ್ನೇ ಇಡಬೇಕೆಂಬ ಒಂದು ಬಗೆಯ ಔದಾರ್ಯ ಅವರದು, ಅದರೊಳಗೇ ಅಡಗಿದ ಒಂದು ಬಗೆಯ ಹೆದರಿಕೆಯೂ ಅವರದು. ಇಂಥವರ ಜೊತೆ ಬದುಕುವವರು ಪೂರ್ಣವಾದದ್ದೇ ಬೇಕೆಂದು ಎಂದೂ ಕೇಳಿರುವುದಿಲ್ಲ. ಸಂಶಯದಲ್ಲಿರುವಾಗಲೇ ತಮ್ಮನ್ನೂ ಒಳಗೆ ಕರೆದುಕೊಳ್ಳಲಿ ಎಂದು ಬಾಗಿಲ ಬಳಿ ಕಾದಿರುತ್ತಾರೆ.