ಕುಡಿಯಲು ಯೋಗ್ಯ

“ಹೂವುಗಳನ್ನು ಮುಟ್ಟಬಾರದು,” ಎಂದು ಅಪ್ಪ ಗಟ್ಟಿಯಾಗಿ ಓದಿದರು. ಎರಡು ಹೆಜ್ಜೆ ಮುಂದೆ ಹೋಗಿ, “ಹುಲ್ಲಿನ ಮೇಲೆ ನಡೆಯಬಾರದು.” ಇನ್ನೆರಡು ಹೆಜ್ಜೆ. “ಕಸ ಎಸೆಯಬಾರದು.”

ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವರು. ಅಕ್ಷರ ಕಣ್ಣಿಗೆ ಬಿದ್ದರೆ ಸುಮ್ಮನೆ ದಾಟಿಹೋಗುವುದು ಅವರಿಂದ ಆಗದು. ಬೆಳಿಗ್ಗೆಯಿಂದ ಬಸ್ಸಿನ ಬೋರ್ಡು, ಟಿಕೆಟ್ಟಿನ ಹಿಂಭಾಗ, ಬ್ರೆಡ್ಡಿನ ಪೊಟ್ಟಣ ಎಲ್ಲವನ್ನೂ ಓದಿಯಾಗಿತ್ತು. ಅಪ್ಪನ ಬಾಯಿಗೆ ಏನನ್ನಾದರೂ ತುರುಕಬೇಕೆಂದು ಮಗನಿಗೆ ಅನ್ನಿಸಿತು. ತಕ್ಷಣ ನಾಚಿಕೆಯಾಯಿತು. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

“ರೀ, ಒಂದು ದಿನನಾದ್ರೂ ಮುಖ ಸಡಿಲ ಬಿಡಿ,” ಎಂದಳು ಹೆಂಡತಿ.

“ಬಿಟ್ಟಿದ್ದೀನಲ್ಲ.”

“ಇದು ಬಿಟ್ಟಿರೋ ಮುಖಾನಾ?”

ಯಾವುದೋ ಹಳೆಯ ಜಮೀನ್ದಾರರ ಬಂಗಲೆ, ಸುತ್ತ ನಲವತ್ತು ಎಕರೆ ತೋಟ. ಅವರ ವಂಶ ಮುಗಿದು ಎಷ್ಟೋ ಕಾಲವಾಗಿ, ಈಗ ಟಿಕೆಟ್ ಕೊಂಡವರೆಲ್ಲ ಒಂದು ದಿನದ ಮಟ್ಟಿಗೆ ಒಡೆಯರಂತೆ ಅಡ್ಡಾಡಬಹುದಿತ್ತು. ನಾವೆಲ್ಲ ಒಟ್ಟಿಗೆ ಎಲ್ಲಿಗೂ ಹೋಗೇ ಇಲ್ಲ ಎಂದು ಹೆಂಡತಿ ಮೂರು ವಾರದಿಂದ ಅವನ ಜೀವ ತಿಂದಿದ್ದಳು. ಈಗ ಒಟ್ಟಿಗೆ ಬಂದದ್ದಾಗಿತ್ತು. ಅಪ್ಪ ಬೋರ್ಡಿನಿಂದ ಬೋರ್ಡಿಗೆ ಹೋಗುತ್ತಿದ್ದರು. ಹೆಂಡತಿ ಎಲ್ಲರನ್ನೂ ಹೂವಿನ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದಳು. ಏಳು ವರ್ಷದ ಮಗಳು, ಮನೆಯಲ್ಲಿ ಎಲ್ಲರ ಬಾಯಲ್ಲೂ ಚೂಟಿ, ಫೋಟೊ ಮುಗಿಯುವ ಮೊದಲೇ ಓಡುತ್ತಿದ್ದಳು.

ಬಂಗಲೆಯೊಳಗೆ ಮುಗ್ಗಲು ಪರದೆಯ ವಾಸನೆಗೆ ಜನರ ಬೆವರಿನ ವಾಸನೆ ಸೇರಿತ್ತು. ಮಲಗುವ ಕೋಣೆಯಲ್ಲಿ ಹಗ್ಗದ ಆಚೆಗೊಂದು ದೊಡ್ಡ ಮಂಚ. ಅದರ ಕೆಳಗಿನಿಂದ ಗೈಡ್ ಹುಡುಗಿ ಒಂದು ಪಿಂಗಾಣಿ ಪಾತ್ರೆಯನ್ನು ಜೋಪಾನವಾಗಿ ಎಳೆದಳು. ಮೈತುಂಬ ನೀಲಿ ಹೂವು.

“ದೊಡ್ಡ ಯಜಮಾನರು ರಾತ್ರಿ ಹೊತ್ತು ಎದ್ದು ಹೊರಗೆ ಹೋಗ್ತಿರಲಿಲ್ಲ. ಇದನ್ನೇ ಉಪಯೋಗಿಸ್ತಿದ್ರು.”

ಜನ ಕತ್ತು ಚಾಚಿದರು. ಫೋನುಗಳು ಮೇಲೆದ್ದವು. “ಎಷ್ಟು ಚೆನ್ನಾಗಿದೆ! ಹೂದಾನಿ ಥರ,” ಎಂದಳು ಒಬ್ಬಳು. ನೂರು ವರ್ಷದ ಹಿಂದಿನ ಉಚ್ಚೆಗೂ ಇಷ್ಟು ಮರ್ಯಾದೆ. ಅವನು ಪಕ್ಕಕ್ಕೆ ತಿರುಗಿದರೆ ಅಪ್ಪ ಪಾತ್ರೆಯ ಬುಡದ ಚೀಟಿಯನ್ನು ಓದಲು ಬಗ್ಗಿದ್ದರು.

ಮರದ ಕೆಳಗೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಮೊಟ್ಟೆಯ ವಾಸನೆ ಬೆರಳಿಗೆ ಹತ್ತಿತು. ಕೈ ತೊಳೆಯಲು ಅವನು ಏರಿನ ಮೇಲಿದ್ದ ಹೊಸ ಶೌಚಾಲಯಕ್ಕೆ ಹೋದ. ಅಪ್ಪನೂ ಹಿಂದೆಯೇ ಬಂದರು. ಗೋಡೆಯ ಕಲ್ಲಿನ ಮೇಲೆ ಕೆತ್ತಿದ್ದನ್ನು ಓದಿದರು. ಶೌಚಾಲಯ ಉದ್ಘಾಟನೆಯಾಗಿ ಆರು ತಿಂಗಳಾಗಿತ್ತು.

ಅವನು ಹಿಂಬದಿಗೆ ಹೋಗಿ ನೋಡಿದ. ಪೈಪು ಬಿರಿದು ಕಪ್ಪು ನೀರು ಒಸರಿ ಹುಲ್ಲಿನ ಬುಡದಲ್ಲಿ ಇಂಗುತ್ತಿತ್ತು. ಮೇಲೆ ನೊಣಗಳ ಮೋಡ. ಸರ್ಕಾರಿ ನೀರು ಪರೀಕ್ಷಾಲಯದಲ್ಲಿ ಹದಿನಾರು ವರ್ಷ ಕಳೆದವನ ಕಣ್ಣು ತನ್ನಷ್ಟಕ್ಕೆ ತಾನೇ ಇಳಿಜಾರನ್ನು ಹುಡುಕಿತು. ಕೆಳಗಿದ್ದದ್ದು ಗುಲಾಬಿ ತೋಟ. ಅದಕ್ಕೇ ಹೂವು ಇಷ್ಟು ದಪ್ಪ ಎಂದುಕೊಂಡ. ಒಳಗೊಳಗೇ ನಗು ಬಂತು. ಅವತ್ತು ಅವನಿಗಾದ ಮೊದಲ ಸಂತೋಷ ಅದು.

ಗುಲಾಬಿ ತೋಟದ ಕೆಳಗೆ, ಕಲ್ಲಿನ ಕಟ್ಟೆಯ ಬಳಿ ಜನ ಸಾಲುಗಟ್ಟಿದ್ದರು. ಕಟ್ಟೆಯಲ್ಲಿ ಕಲ್ಲಿನ ಮೀನು; ಅದರ ಬಾಯಿಂದ ಹೆಬ್ಬೆರಳು ಗಾತ್ರದ ನೀರು. ಸಮವಸ್ತ್ರದ ಮುದುಕನೊಬ್ಬ ಸರಪಳಿ ಕಟ್ಟಿದ ಸ್ಟೀಲ್ ಲೋಟಗಳನ್ನು ತುಂಬಿ ತುಂಬಿ ಕೊಡುತ್ತಿದ್ದ.

“ಬನ್ನಿ, ಬನ್ನಿ. ಇದು ಬುಗ್ಗೆ ನೀರು, ನಲ್ಲಿದಲ್ಲ. ಈ ಮನೆ ದೊಡ್ಡಮ್ಮನವರು ಇದನ್ನೇ ಕುಡಿದು ತೊಂಬತ್ತು ದಾಟಿದ್ರು. ಒಂದು ದಿನ ಹೊಟ್ಟೆನೋವು ಅಂದವರಲ್ಲ.”

ಕಟ್ಟೆಯ ಮೇಲೆ ಗಾಜು ಹಾಕಿದ ಒಂದು ಕಾಗದ. ಅಪ್ಪ ಕನ್ನಡಕ ಮೇಲೇರಿಸಿದರು.

“ಮಾದರಿ ಸಂಖ್ಯೆ ನೂರ ಹದಿನೆಂಟು. ನೀರು ಕುಡಿಯಲು ಯೋಗ್ಯವಾಗಿದೆ.” ಇನ್ನೂ ಕೆಳಗಿನ ಸಾಲಿಗೆ ಹೋದ ದನಿ ಒಮ್ಮೆಲೇ ನಿಂತಿತು. ಆಮೇಲೆ, ಮೆಲ್ಲಗೆ, ಒಂದೊಂದೇ ಅಕ್ಷರ ಹಿಡಿದು, ಅಲ್ಲಿದ್ದ ಹೆಸರನ್ನು ಓದಿದರು. ಅವರೇ ಇಟ್ಟ ಹೆಸರು.

“ಲೋ, ಇದು ನೀನು ಕಣೋ!”

ಅವನು ಹತ್ತಿರ ಹೋಗಿ ನೋಡಿದ. ಸಹಿ ಅವನದೇ. ಮೇಲೆ ಅಂಕಿಗಳು. ಆಮ್ಲ ಕ್ಷಾರದ ಸಾಲಿನಲ್ಲಿ 7.3. ಅದರ ಕೆಳಗೆ, ಮಲದ ಸೂಕ್ಷ್ಮಾಣು: ಇಲ್ಲ.

7.3ರ ಆ ಕೊನೆಯ ಮೂರು ಅವನಿಗೆ ನೆನಪಿತ್ತು. ಮೂರು ತಿಂಗಳ ಹಿಂದಿನ ಮಾತು. ಮಾದರಿಯ ಬಾಟಲಿ ಬಂದ ದಿನವೇ ಪರೀಕ್ಷೆಯಾಗಬೇಕು. ನೂರ ಹದಿನೆಂಟು ಮಾತ್ರ ಅವನ ಮೇಜಿನ ಮೇಲೆ ಫೈಲುಗಳ ಹಿಂದೆ ನಾಲ್ಕು ದಿನ ಕೂತುಬಿಟ್ಟಿತ್ತು. ಮತ್ತೊಂದು ಬಾಟಲಿ ತರಿಸಬೇಕೆಂದರೆ ಕಾರಣ ಬರೆದುಕೊಂಡು ಮೇಲಿನವರ ಮುಂದೆ ಕೈಕಟ್ಟಿ ನಿಲ್ಲಬೇಕು. ಅವನು ನೀರನ್ನು ಸಿಂಕಿಗೆ ಚೆಲ್ಲಿ, ಹೋದ ವರ್ಷ ಅದೇ ಸಂಖ್ಯೆಯ ಮುಂದಿದ್ದ ಅಂಕಿಗಳನ್ನೇ ಇಳಿಸಿದ. ಎಲ್ಲವೂ ಒಂದೇ ಇದ್ದರೆ ಅನುಮಾನ ಬಂದೀತೆಂದು 7.2 ಇದ್ದುದನ್ನು 7.3 ಮಾಡಿದ. ಬಾಟಲಿಯ ಮೇಲೆ ಬರೀ ಸಂಖ್ಯೆ ಇರುತ್ತದೆ, ಜಾಗದ ಹೆಸರನ್ನು ಟೈಪಿಸ್ಟ್ ಆಮೇಲೆ ತುಂಬುತ್ತಾಳೆ, ಅವನು ಓದದೆ ಸಹಿ ಹಾಕುತ್ತಾನೆ. ಲಂಚವನ್ನಾದರೂ ತಿಂದಿದ್ದರೆ ಮಾಡಿದ್ದಕ್ಕೊಂದು ಕಾರಣವಿರುತ್ತಿತ್ತು. ಅವತ್ತು ಅವನಿಗೆ ಬರೀ ಬೇಸರವಾಗಿತ್ತು.

ಹೋದ ವರ್ಷ ಮೇಲೆ ಶೌಚಾಲಯ ಇರಲಿಲ್ಲ.

“ನನ್ನ ಮಗ!” ಅಪ್ಪ ಸಾಲಿನಲ್ಲಿದ್ದವರ ಕಡೆ ತಿರುಗಿದ್ದರು. “ಈ ಸಹಿ ನನ್ನ ಮಗಂದು. ಇವನೇ. ಇಲ್ಲೇ ನಿಂತಿದ್ದಾನೆ ನೋಡಿ!”

ಅವನು ಡಾಕ್ಟರಾಗಲಿಲ್ಲವೆಂದು ಅಪ್ಪ ಹದಿನಾರು ವರ್ಷ ಮುನಿಸಿಕೊಂಡಿದ್ದರು. ಯಾರಾದರೂ ಕೇಳಿದರೆ, ನೀರಿನ ಆಫೀಸಲ್ಲಿ ಏನೋ ಮಾಡ್ತಾನೆ ಎಂದು ಮಾತು ಹಾರಿಸುತ್ತಿದ್ದರು. ಈ ದನಿಯನ್ನು ಕೇಳಲು ಅವನು ಹುಡುಗನಾಗಿದ್ದಾಗಿನಿಂದ ಕಾದಿದ್ದ. ಅಪ್ಪನ ಕಣ್ಣಲ್ಲಿ ನೀರಾಡುತ್ತಿತ್ತು. ಅವನಿಗೆ ಮೈಯೆಲ್ಲ ಅಸಹ್ಯವಾಯಿತು.

ಅಷ್ಟರಲ್ಲಿ ಚೂಟಿ ಸಾಲಿನ ಸಂದಿಯಲ್ಲಿ ನುಸುಳಿ ಲೋಟ ಹಿಡಿದಿದ್ದಳು.

“ಬೇಡ,” ಎಂದ.

“ಯಾಕೆ?” ಎಂದಳು ಹೆಂಡತಿ.

“ತಣ್ಣಗಿದೆ.”

“ನೀರು ತಣ್ಣಗಿರದೆ ಇನ್ನೇನು?”

“ಶೀತ ಆಗತ್ತೆ. ಬ್ಯಾಗಲ್ಲಿ ಮನೆ ನೀರಿದೆಯಲ್ಲ.”

“ಅದು ಬಿಸಿಲಿಗೆ ಕಾದು ಕೂತಿದೆ.”

“ಒಳ್ಳೆ ಕಥೆ!” ಅಪ್ಪ ನಕ್ಕರು. “ಊರಿಗೆಲ್ಲ ಕುಡೀರಿ ಅಂತ ಸಹಿ ಹಾಕಿ, ಮನೆ ಮಗೂಗೆ ಬೇಡ ಅಂತೀಯಲ್ಲೋ!”

ಸಾಲಿನಲ್ಲಿದ್ದವರೂ ನಕ್ಕರು. ಮುದುಕ ನಗದೆ ಅವನನ್ನೇ ನೋಡಿದ. ಹೆಂಡತಿಯೂ ಅವನ ಮುಖ ನೋಡುತ್ತಿದ್ದಳು, ಏನೋ ಇದೆ ಎಂಬಂತೆ. ಒಂದೇ ವಾಕ್ಯ ಸಾಕಿತ್ತು. ವಾಕ್ಯ ತಯಾರಾಗಿಯೂ ಇತ್ತು: ನಾನು ಪರೀಕ್ಷೆ ಮಾಡಿಲ್ಲ. ಹೇಳಿದರೆ ಅಪ್ಪನ ಮುಖ ಏನಾಗುತ್ತದೆಂದು ಅವನು ಊಹಿಸಿಕೊಂಡ. ಕೆಲಸ ಹೋಗಬಹುದೆಂಬುದು ಆಮೇಲೆ ಹೊಳೆಯಿತು. ನೀರು ಚೆನ್ನಾಗಿಯೇ ಇರಬಹುದು, ಮಣ್ಣು ಎಷ್ಟೋ ಶೋಧಿಸುತ್ತದೆ ಎಂಬ ವಿಜ್ಞಾನವೂ ಸರಿಯಾದ ಹೊತ್ತಿಗೆ ಕೈಹಿಡಿಯಲು ಬಂತು.

“ಕುಡೀಲಾ ಅಪ್ಪಾ?”

ಅವನು ತಲೆಯಾಡಿಸಿದ. ಹೂಂ ಎಂದೂ ಅಲ್ಲ, ಉಹೂಂ ಎಂದೂ ಅಲ್ಲ. ಮಗು ತನಗೆ ಬೇಕಾದಂತೆ ಅರ್ಥಮಾಡಿಕೊಂಡಿತು.

ಗಂಟಲು ಕುಣಿಸುತ್ತ ಗಟಗಟ ಕುಡಿದಳು. ಗಲ್ಲದಿಂದ ನೀರಿಳಿದು ಫ್ರಾಕು ಒದ್ದೆಯಾಯಿತು. “ಇನ್ನೊಂದು,” ಎಂದಳು. ಮುದುಕ ತುಂಬಿಕೊಟ್ಟ. ಹೆಂಡತಿ ಕುಡಿದಳು. ಅಪ್ಪ ಕಣ್ಣುಮುಚ್ಚಿಕೊಂಡು, ಮಗನೇ ಕೈಯಾರೆ ಬಡಿಸಿದಷ್ಟು ತೃಪ್ತಿಯಿಂದ ಕುಡಿದು ತೇಗಿದರು. ಕೊನೆಗೆ ಲೋಟ ಅವನ ಕೈಗೆ ಬಂತು. ಅಂಚಿನಲ್ಲಿ ಅಪ್ಪನ ಎಂಜಲು ಮಿನುಗುತ್ತಿತ್ತು. ಅವನು ಕುಡಿದ. ಒಂದಿಷ್ಟು ನಾತವಾದರೂ ಇದ್ದೀತೆಂದು ನಾಲಿಗೆಯ ಮೇಲೆ ಇರಿಸಿಕೊಂಡು ಕಾದ. ಏನೂ ಇರಲಿಲ್ಲ. ಸ್ವಚ್ಛವಾದ, ತಣ್ಣನೆಯ, ಒಳ್ಳೆಯ ನೀರಿನ ರುಚಿ. ಅದಕ್ಕಿಂತ ಹೇಸಿಗೆಯ ರುಚಿಯನ್ನು ಅವನು ಕಂಡಿರಲಿಲ್ಲ.

“ಸಾಹೇಬ್ರು ನಿಂತೇ ಇದ್ದೀರಲ್ಲ,” ಎಂದು ಮುದುಕ ತನ್ನ ಕುರ್ಚಿಯನ್ನು ತಂದು ಕಾಗದದ ಕೆಳಗೆ ಹಾಕಿದ. “ಕೂತ್ಕೊಳ್ಳಿ, ಕೂತ್ಕೊಳ್ಳಿ.”

“ಬೇಡ, ಹೊರಡ್ತೀವಿ.”

“ಕೂತ್ಕೊಳೋ, ಎಲ್ಲಿಗೆ ಅವಸರ,” ಎಂದು ಅಪ್ಪ ಭುಜ ಒತ್ತಿದರು. ಹೆಂಡತಿ ಫೋನು ಎತ್ತಿ, ಸಹಿಯೂ ಬರುವಂತೆ ಹಿಂದಕ್ಕೆ ಸರಿದಳು. ಅವನು ಕೂತ.

ಸಾಲಿನಲ್ಲಿದ್ದ ಒಬ್ಬ ತಾಯಿ ಮುಂದೆ ಬಂದಳು. ಕಂಕುಳಲ್ಲಿ ಹಸುಗೂಸು. ಇನ್ನೊಂದು ಕೈಯಲ್ಲಿ ಹಾಲಿನ ಬಾಟಲಿ, ತಳದಲ್ಲಿ ಎರಡು ಚಮಚ ಪುಡಿ.

“ಸಾರ್, ಮಗುಗೆ ಇದರಲ್ಲೇ ಹಾಲು ಕಲಸಬಹುದಾ? ಕುದಿಸಬೇಕಾ?”

ಅವನು ಬಾಯಿ ತೆರೆದ. ಕುದಿಸಿ ಎಂದರೆ ಸಾಕು, ಅಷ್ಟೇ. ಸುಳ್ಳೂ ಅಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ.

“ಅಯ್ಯೋ, ಧಾರಾಳವಾಗಿ ಕಲಸಮ್ಮ,” ಎಂದರು ಅಪ್ಪ. “ನನ್ನ ಮಗನೇ ಖುದ್ದಾಗಿ ನೋಡಿರೋದು.”

ಅವಳು ಅವನ ಕಡೆ ನೋಡಿ ನಕ್ಕಳು. ತೆರೆದ ಬಾಯಿಂದ ಅವನೂ ನಕ್ಕಂತಾಯಿತು. ಅವಳು ಬಾಟಲಿಯನ್ನು ಮೀನಿನ ಬಾಯಿಗೆ ಹಿಡಿದಳು.

ಸಾಲು ಮುಂದೆ ಸರಿಯಿತು. ಒಬ್ಬೊಬ್ಬರೂ ಬಂದು, ಬಗ್ಗಿ, ಕುಡಿದು, ತುಟಿ ಒರೆಸಿಕೊಂಡು, ಕುರ್ಚಿಯಲ್ಲಿದ್ದವನಿಗೆ ಒಂದಿಷ್ಟು ತಲೆಬಾಗಿಸಿ ಹೋದರು. ಮೊದಲ ಇಬ್ಬರಿಗೆ ಅವನು ಸುಮ್ಮನಿದ್ದ. ಮೂರನೆಯವನಿಗೆ ತಾನೂ ತಲೆಬಾಗಿಸಿದ. ಆಮೇಲೆ ಅದು ರೂಢಿಯಾಯಿತು.

ಚೂಟಿ ಅವನ ತೊಡೆಯೇರಿ ನಿಂತು, ಕುಪ್ಪಳಿಸಿದಳು.

“ಅಪ್ಪಾ, ನನ್ನ ಹೊಟ್ಟೇಲಿ ನೀರು ಸದ್ದು ಮಾಡತ್ತೆ. ಕೇಳ್ಸತ್ತಾ?”

“ಇಲ್ಲ.”

“ಹತ್ತಿರ ಬಾ.” ಎರಡೂ ಕೈಯಲ್ಲಿ ಅವನ ತಲೆ ಹಿಡಿದು ತನ್ನ ಒದ್ದೆ ಫ್ರಾಕಿಗೆ ಒತ್ತಿಕೊಂಡಳು. ಮತ್ತೆ ಕುಪ್ಪಳಿಸಿದಳು. “ಈಗ?”

ಅವನು ಕಿವಿಗೊಟ್ಟ. ಒಳಗೆ, ಬೆಚ್ಚನೆಯ ಕತ್ತಲಲ್ಲಿ, ಅದು ಕುಲುಕುತ್ತಿತ್ತು. ಓರೆಯಾದ ಒಂದೇ ಕಣ್ಣಿಗೆ ಸಾಲು ಕಾಣುತ್ತಿತ್ತು, ಬಗ್ಗಿದ ಬೆನ್ನುಗಳು, ಅವುಗಳ ಹಿಂದೆ ಇನ್ನಷ್ಟು ಬೆನ್ನುಗಳು, ಗುಲಾಬಿ ತೋಟದ ತಿರುವಿನವರೆಗೆ.

“ಕೇಳಿಸ್ತಾ ಅಪ್ಪಾ?” ಎಂದು ಮಗು ನಗುತ್ತ ಇನ್ನೂ ಜೋರಾಗಿ ಕುಪ್ಪಳಿಸತೊಡಗಿತು.