ಮೊದಲ ಗೇರಿನ ಮಧ್ಯಾಹ್ನಗಳು

ಪೆಟ್ರೋಲ್ ಕದ್ದನೆಂದು ಹೇಳಿ ಸದಾನಂದ ತನ್ನ ಡ್ರೈವರ್ ಮರೆಪ್ಪನನ್ನು ಕೆಲಸದಿಂದ ತೆಗೆದ. ತೆಗೆಯುವ ಮೊದಲು ಬಿಲ್ಡಿಂಗಿನ ಅಂಗಳದಲ್ಲಿ ಅವನ ಬುತ್ತಿಯ ಡಬ್ಬಿ ಬಿಚ್ಚಿಸಿ, ಪೆಟ್ರೋಲಿನ ವಾಸನೆ ಬರುತ್ತದೆಯೇ ಎಂದು ವಾಚ್‌ಮನ್‌ನಿಂದ ಮೂಸಿಸಿದ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ ಇದ್ದವು. ಮರೆಪ್ಪ ಕದ್ದಿರಲಿಲ್ಲ.

"ಪೈಪ್ ಎಲ್ಲಿ ಇಟ್ಟಿದ್ದಿ?" ಸದಾನಂದ ಕೇಳಿದ. "ಟ್ಯಾಂಕಿಗೆ ಬೀಗ ಹಾಕಿದರೂ ಹೋಗ್ತದಲ್ಲ ಮಾರಾಯ. ಅಡಿಯಿಂದ ಎಳೀತಿಯಾ?"

"ಇಲ್ರಿ ಸೇಠ್."

"ಮತ್ತೆ ಗಾಡಿ ರಾತ್ರಿ ಎದ್ದು ತಾನೇ ಕುಡೀತದಾ?"

ಗ್ಯಾಲರಿಯಲ್ಲಿ ಯಾರೋ ನಕ್ಕರು. ಮರೆಪ್ಪ ತಲೆ ಎತ್ತಲಿಲ್ಲ. ಎತ್ತಿದ್ದರೆ ಎರಡನೇ ಮಾಳಿಗೆಯ ಕಟಕಟೆ ಹಿಡಿದು ನಿಂತಿದ್ದ ಸದಾನಂದನ ಹೆಂಡತಿ ರಾಜೀವಿ ಕಾಣುತ್ತಿದ್ದಳು. ಪೆಟ್ರೋಲ್ ಎಲ್ಲಿ ಹೋಯಿತೆಂದು ಬಲ್ಲವರು ಅಲ್ಲಿ ಇಬ್ಬರೇ, ಕೆಳಗೆ ಅವನು, ಮೇಲೆ ಅವಳು. ಅವನು ಡಬ್ಬಿಯ ಮುಚ್ಚಳ ಹಾಕಿದ. ಗಾಡಿಯ ಚಾವಿಯನ್ನು ಬಾನೆಟ್ಟಿನ ಮೇಲೆ ಸದ್ದಾಗದಂತೆ ಇಟ್ಟು ಗೇಟು ದಾಟಿ ಹೋದ. ಅವಳು ಒಳಗೆ ಹೋಗಿ, ಉಕ್ಕುತ್ತಿದ್ದ ಹಾಲನ್ನು ಇಳಿಸಿದಳು.

ಗಾಡಿ ಬಂದದ್ದು ಅದಕ್ಕೆ ಎರಡು ವರ್ಷ ಮುಂಚೆ, ಎಪ್ಪತ್ತೆರಡರಲ್ಲಿ. ಆಗ ಮುಂಬಯಿಯ ವಡಾಲದಲ್ಲಿ ಒಂದು ಬಿಲ್ಡಿಂಗಿಗೆ ಒಂದು ಕಾರಿದ್ದರೆ ಅದೇ ದೊಡ್ಡ ಮಾತು. ಇದ್ದ ಕಾರುಗಳಿಗೆಲ್ಲ ಹಿಂದೆ ಪೆಟ್ಟಿಗೆಯಂಥ ಡಿಕ್ಕಿ. ಊರಿಗೆ ಮರಳುತ್ತಿದ್ದ ಯಾವನೋ ಪರದೇಶದ ಸಾಹೇಬನಿಂದ ಸದಾನಂದ ಕೊಂಡುತಂದ ಈ ಪುಟ್ಟ ಗಾಡಿಗೆ ಡಿಕ್ಕಿಯೇ ಇರಲಿಲ್ಲ. ಅದರ ಇಡೀ ಬೆನ್ನೇ ಮೇಲಕ್ಕೆ ಬಾಗಿಲಿನಂತೆ ತೆರೆಯುತ್ತಿತ್ತು. ಎಳೆ ಬಾಳೆಎಲೆಯ ಬಣ್ಣ. ಮಕ್ಕಳು ಅದನ್ನು ಬಾಲ ಇಲ್ಲದ ಗಾಡಿ ಎಂದು ಕರೆದರು. ಬೆಳಿಗ್ಗೆ ಮರೆಪ್ಪ ಆ ಬಾಗಿಲು ಎತ್ತಿ, ಹಿಂದಿನ ಸೀಟು ಮಡಚಿ, ತೆಂಗಿನಕಾಯಿ ಗೋಣಿಗಳನ್ನೂ ದೋಸೆಹಿಟ್ಟಿನ ಪಾತ್ರೆಗಳನ್ನೂ ಜೋಡಿಸುತ್ತಿದ್ದ. ಗಾಡಿ ಪರೇಲಿನಲ್ಲಿದ್ದ ಸದಾನಂದನ ಹೋಟೆಲಿಗೆ, ಅಲ್ಲಿಂದ ಬಾಂದ್ರಾದ ಹೊಸ ಬ್ರಾಂಚಿಗೆ ಹೋಗುತ್ತಿತ್ತು. ಸೀಟಿನ ಬಟ್ಟೆಗೆ ಹುಳಿಹಿಟ್ಟಿನ ವಾಸನೆ ಹತ್ತಿತ್ತು. ಆ ವಾಸನೆ ರಾಜೀವಿಗೆ ಮುಂದೆ ಎಷ್ಟೋ ವರ್ಷ, ಬೇರೆಯವರ ಅಡುಗೆಮನೆಯಲ್ಲಿ ನಿಂತಾಗಲೂ, ಮೊದಲು ಸ್ಟಿಯರಿಂಗನ್ನೇ ನೆನಪಿಸುತ್ತಿತ್ತು.

ಸದಾನಂದನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಆದರೆ ಅದರ ಗುಣಗಾನಕ್ಕೆ ಹೋಟೆಲಿನ ಗಲ್ಲಾದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ಪಿಕಪ್ ಹೇಗೆ ಗೊತ್ತುಂಟಾ?" ಚಿಲ್ಲರೆ ಎಣಿಸುತ್ತಲೇ ಅವನು ಗಿರಾಕಿಗಳಿಗೆ ಹೇಳುವನು. "ಮಾಹಿಮ್ ಕಾಜ್‌ವೇಯಲ್ಲಿ ಟ್ಯಾಕ್ಸಿಗಳೆಲ್ಲ ಹಿಂದಿನ ಕನ್ನಡಿಯಲ್ಲಿ. ಮುಂದೆ ಬರೀ ಗಾಳಿ. ದಾದರಿನ ಬ್ರಿಜ್ ಹತ್ತುವಾಗ ಗೇರ್ ಇಳಿಸುವ ಪ್ರಶ್ನೆಯೇ ಇಲ್ಲ."

"ಸೇಠ್, ಆವರೇಜ್ ಕಿತನಾ?" ಎಂದು ಯಾವನಾದರೂ ಟ್ಯಾಕ್ಸಿಯವನು ಬೇಕೆಂದೇ ಕೆಣಕುವನು.

"ಲೀಟರಿಗೆ ಹದಿನಾರು. ತೆಂಗಿನಕಾಯಿ ಹೇರಿದರೂ ಹದಿನಾರು. ನಮ್ಮ ಹೆಂಡತಿ ಕೂತರೆ ಹದಿನೈದೂವರೆ."

ಚಾ ಕುಡಿಯಲು ಬಂದ ಬಟ್ಟೆ ಮಿಲ್ಲಿನ ಕೆಲಸಗಾರರು ನಗುವರು. ಹೋಟೆಲಿನ ಹಿತ್ತಿಲ ಕಿಟಕಿಯ ದಂಡೆಯ ಮೇಲೆ ಪ್ರತ್ಯೇಕ ಇಟ್ಟಿದ್ದ ಗ್ಲಾಸಿನಲ್ಲಿ ಚಾ ಕುಡಿಯುತ್ತ ಮರೆಪ್ಪನೂ ನಗುವನು. ಆ ಗ್ಲಾಸನ್ನು ಅವನೇ ತೊಳೆದಿಡಬೇಕಿತ್ತು. ಸದಾನಂದನ ಅಪ್ಪ ಕೊರಗಪ್ಪ ಊರಲ್ಲಿ ಗುತ್ತಿನ ಮನೆಯ ಜಮೀನ್ದಾರರ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವನು. ಅವನನ್ನು ಅಂಗಳದಲ್ಲೇ ನಿಲ್ಲಿಸಿ, ಕುಡಿಯಲು ಮೇಲಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ತಮ್ಮ ಜಾತಿಯ ಸಂಘದ ವಾರ್ಷಿಕೋತ್ಸವದಲ್ಲಿ ಅದನ್ನು ಹೇಳುವಾಗ ಪ್ರತಿ ವರ್ಷವೂ ಸದಾನಂದ ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. ಕಿಟಕಿಯ ದಂಡೆಯ ಗ್ಲಾಸು ಮಾತ್ರ ಅಲ್ಲೇ ಇತ್ತು.

ರಾಜೀವಿ ಕೇಳಿದ್ದು ಒಂದು ಮಧ್ಯಾಹ್ನ. ಮಾಟುಂಗಾದಿಂದ ಹೂವು, ಕುಚ್ಚಲಕ್ಕಿ ತಗೊಂಡು ಬರುವಾಗ ಬಂದರಿನ ಕಡೆಯ ರಸ್ತೆ ಹಿಡಿಯಲು ಹೇಳಿದಳು. ಆಗ ಅತ್ತ ಏನಿತ್ತು? ಗೋದಾಮುಗಳ ಬೆನ್ನು, ಉಪ್ಪಿನ ಗದ್ದೆ, ತುಕ್ಕು ಹಿಡಿದ ಗೂಡ್ಸ್ ಹಳಿ, ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿ. ಮಧ್ಯಾಹ್ನ ಲಾರಿಯವರೂ ಗಾಡಿಯ ನೆರಳಲ್ಲಿ ಮಲಗಿರುತ್ತಿದ್ದರು. ರಸ್ತೆ ಬರೀ ಬಿಸಿಲಿಗೆಂದು ಹಾಕಿದಂತೆ ಖಾಲಿ.

"ಮರೆಪ್ಪ, ನನಗೆ ಕಲಿಸ್ತೀರಾ?"

ಮರೆಪ್ಪ ಕನ್ನಡಿಯಲ್ಲೇ ಅವಳನ್ನು ನೋಡಿದ. "ಸೇಠ್‌ಗೆ ಕೇಳ್ರಿ ಅಕ್ಕಾರ."

"ಕೇಳಿದರೆ ಬೇಡ ಅಂತಾರೆ. ಅದಕ್ಕೇ ನಿಮ್ಮನ್ನು ಕೇಳಿದ್ದು."

ಮರೆಪ್ಪ ಗಾಡಿ ಬದಿಗೆ ನಿಲ್ಲಿಸಿ ಇಳಿದ, ಅವಳು ಸ್ಟಿಯರಿಂಗಿಗೆ ಕೂತಳು. ಅವನು ಪಕ್ಕದ ಸೀಟಿನಲ್ಲಿ, ಬೆನ್ನು ಒರಗಿಸದೆ, ಮೊಣಕಾಲು ಜೋಡಿಸಿ, ಬಾಗಿಲಿಗೆ ಅಂಟಿ ಕೂತ. ಗಾಡಿ ಕುಪ್ಪಳಿಸಿ ಸತ್ತುಹೋಯಿತು. ಇನ್ನೊಮ್ಮೆ ಕುಪ್ಪಳಿಸಿತು.

"ಕ್ಲಚ್ ಸಾವಕಾಶ ಬಿಡ್ರಿ. ನಡಿಯಾಕ ಕಲಿಯೋ ಕೂಸಿನ ಕೈ ಬಿಡ್ತೀರಲ್ಲ, ಹಂಗ. ಒಮ್ಮಿಗೇ ಬಿಟ್ರ ಬೀಳ್ತದ, ಬಿಡದಿದ್ರ ಕಲಿಯಂಗಿಲ್ಲ."

ಹುಡುಗಿಯಾಗಿದ್ದಾಗ ರಾಜೀವಿ ಹೊಳೆಯಲ್ಲಿ ಅಪ್ಪನ ದೋಣಿಯನ್ನು ಬಿದಿರಿನ ಜಲ್ಲೆ ಊರಿ ನಡೆಸಿದವಳು. ಜಲ್ಲೆ ಕೆಸರಿಗೆ ಊರಿದ ಗಳಿಗೆ ದೋಣಿ ಒಂದು ಕ್ಷಣ ಯೋಚಿಸಿ ಆಮೇಲೆ ಜಾರುತ್ತಿತ್ತು. ಕ್ಲಚ್ಚಿನಲ್ಲೂ ಅಂಥದೇ ಒಂದು ಕ್ಷಣ ಇತ್ತು. ಅದು ಪಾದಕ್ಕೆ ಸಿಕ್ಕಿದ ದಿನ ಗಾಡಿ ಉಪ್ಪಿನ ಗದ್ದೆಯ ಪಕ್ಕ ಸುಮ್ಮನೆ ಜಾರಿ ಹೊರಟಿತು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ತಾನು ಯಾವುದನ್ನೂ ನಡೆಸಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ವಾರದಲ್ಲಿ ಒಂದೆರಡು ಮಧ್ಯಾಹ್ನ ಹೀಗೆ. ಬರಬರುತ್ತ ಮರೆಪ್ಪನ ಬೆನ್ನು ಸೀಟಿಗೆ ತಾಗಿತು. ಒಂದು ದಿನ ಕಿಟಕಿಯ ಮೇಲೆ ಮೊಣಕೈಯನ್ನೂ ಇಟ್ಟ.

"ಏನು, ಸೇಠ್ ಆದ ಹಾಗೆ ಕಾಣ್ತದೆ," ಅಂದಳು ಅವಳು.

"ನನ್ನನ್ನ ಕುಂಡ್ರಿಸಿಕೊಂಡು ಯಾರೂ ಗಾಡಿ ಹೊಡೆದಿದ್ದಿಲ್ರಿ ಅಕ್ಕಾರ. ಹೊರಗ ನೋಡಾಕ ಇಷ್ಟೆಲ್ಲ ಅದ ಅಂತ ಈಗ ಗೊತ್ತಾತು."

ಗಾಡಿಯ ರುಚಿಯನ್ನು ನಿಜವಾಗಿ ಬಲ್ಲವರು ಅವರಿಬ್ಬರೇ. ಎರಡನೇ ಗೇರಿಗೆ ಬೀಳುವಾಗ ಅದು ಸಣ್ಣಗೆ ಕೆಮ್ಮುತ್ತಿತ್ತು. ಬಿಸಿಲು ಏರಿದರೆ ಗೇರಿನ ಕೋಲು ಕೈಯೊಳಗೆ ನಡುಗುತ್ತಿತ್ತು. ಎಡಕ್ಕೆ ತಿರುಗಿಸಿದರೆ ಬೆಣ್ಣೆ, ಬಲಕ್ಕೆ ತಿರುಗಿಸಿದರೆ ಒಂದಿಷ್ಟು ಹಟ. ಇನ್ನೊಂದು ಗುಣವನ್ನು ಮರೆಪ್ಪ ಮೊದಲ ದಿನವೇ ಹೇಳಿದ್ದ.

"ಫಸ್ಟ್ ಗೇರಿನ್ಯಾಗ ಹಿಂಗ ಸುತ್ತಿದ್ರ ಬಾಳ ಕುಡಿತದ್ರಿ ಇದು."

"ಕುಡೀಲಿ," ಅಂದಿದ್ದಳು ರಾಜೀವಿ.

ಎಪ್ಪತ್ತಮೂರರ ಚಳಿಗಾಲದಲ್ಲಿ ಅರಬ್ ದೇಶಗಳು ಎಣ್ಣೆ ತಡೆದ ಸುದ್ದಿ ಬಂತು, ಪೆಟ್ರೋಲಿನ ಬೆಲೆ ಏರಿತು, ಮತ್ತೆ ಏರಿತು. ಗಲ್ಲಾದಲ್ಲಿ ಪಿಕಪ್ಪಿನ ಮಾತು ನಿಂತಿತು. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಗಾಡಿ ಬಂದ ದಿನದಿಂದಲೇ ಕೆಟ್ಟಿತ್ತು. ಸದಾನಂದ ಟ್ಯಾಂಕನ್ನು ಹಾಲಿನ ಕ್ಯಾನು ನೋಡುವಂತೆ ನೋಡಲು ಶುರುಮಾಡಿದ. ಬೆಳಿಗ್ಗೆ ಒಂದು ತೆಂಗಿನ ಕಡ್ಡಿಯನ್ನು ಟ್ಯಾಂಕಿನೊಳಗೆ ಇಳಿಸುವನು, ಒದ್ದೆಯಾದಷ್ಟಕ್ಕೆ ಉಗುರಿನಿಂದ ಗೀರು ಹಾಕುವನು, ಸಂಜೆ ಮತ್ತೆ ಇಳಿಸುವನು. ಕ್ಯಾನಿನಿಂದ ಹಾಲು ಕದ್ದವರನ್ನು ಹೀಗೆಯೇ ಹಿಡಿದವನು ಅವನು. ಪರೇಲ್, ಬಾಂದ್ರಾ, ವಾಪಸ್ಸು. ದಾರಿ ಅದೇ, ಗೀರು ಮಾತ್ರ ಕೆಳಗೆ ಕೆಳಗೆ. ಟ್ಯಾಂಕಿಗೆ ಬೀಗ ಬಂತು, ಬೀಗದ ಚಾವಿ ಅವನ ಉಡಿದಾರಕ್ಕೆ ಬಂತು. ಆಗಲೂ ಗೀರು ಇಳಿಯಿತು. ಕದಿಯುವವನು ಡ್ರೈವರನೇ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಹೆಂಡತಿಯ ಹೆಸರು ಅವನ ಮನಸ್ಸಿಗೆ ಬರುವ ಕಾರಣವೇ ಇರಲಿಲ್ಲ.

ಮರೆಪ್ಪನನ್ನು ತೆಗೆದ ವಾರದ ಕೊನೆಗೆ ರಾಜೀವಿ ಅವನ ಮನೆ ಹುಡುಕಿಕೊಂಡು ನಡೆದಳು. ವಡಾಲ ಸ್ಟೇಶನ್ನಿನ ಹಿಂದೆ, ಹಳಿಯ ಪಕ್ಕದ ಝೋಪಡಿ. ಹಾರ್ಬರ್ ಲೈನಿನ ಲೋಕಲ್ ಹೋದಾಗಲೆಲ್ಲ ಮಾಡಿನ ತಗಡು ಗುನುಗುತ್ತಿತ್ತು. ಮರೆಪ್ಪನ ಹೆಂಡತಿ ಭಾಗವ್ವ ಇಟ್ಟಿಗೆ ಹೊತ್ತು ಬಂದವಳು ಬಾಗಿಲಲ್ಲೇ ಕಾಲು ತೊಳೆಯುತ್ತಿದ್ದಳು. ಯಾರು ಬಂದಿದ್ದಾರೆಂದು ತಿಳಿದೂ ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ.

"ಬರ್ರಿ. ಒಳಗ ಬಂದ್ರ ಮೈಲಿಗಿ ಆಗ್ತದೋ ಏನೋ, ನಿಮ್ಮಿಷ್ಟ."

ರಾಜೀವಿ ಒಳಗೆ ಹೋಗಿ ಚಾಪೆಯ ಮೇಲೆ ಕೂತಳು. ಮರೆಪ್ಪ ಎದ್ದು ನಿಂತಿದ್ದವನು ಕೂರಲಿಲ್ಲ.

"ಬೇರೆ ಕೆಲಸ ಸಿಕ್ಕಿತಾ?"

"ಎಲ್ಲಿ ಸಿಗ್ತದ್ರಿ?" ಉತ್ತರ ಭಾಗವ್ವನಿಂದ ಬಂತು. "ದಾದರ್ ಸ್ಟ್ಯಾಂಡಿನ ಟ್ಯಾಕ್ಸಿಯವರೆಲ್ಲ ಚಾ ಕುಡಿಯೋದು ನಿಮ್ಮ ಹೋಟೆಲಿನ್ಯಾಗ. ನಿಮ್ಮ ಯಜಮಾನ್ರು ಗಲ್ಲಾದಾಗ ಕುಂತು ಎಲ್ಲಾರಿಗೂ ಹೇಳ್ಯಾರ. ಇವ್ನ ಮುಖ ಕಂಡ್ರ ಸಾಕು, ಪೆಟ್ರೋಲ್ ಚೋರ್ ಬಂದ ಅಂತಾರ. ಹತ್ತು ವರ್ಷ ಸ್ಟಿಯರಿಂಗ್ ಹಿಡಿದ ಕೈಗೆ ನಾಳಿಂದ ನನ್ನ ಸಂಗಾಟ ಇಟ್ಟಿಗಿ."

"ಬಿಡ ಭಾಗಿ," ಅಂದ ಮರೆಪ್ಪ.

"ನೀವು ಯಾಕೆ ಹೇಳಲಿಲ್ಲ?" ರಾಜೀವಿ ಅವನನ್ನು ಕೇಳಿದಳು.

"ಏನಂತ ಹೇಳ್ಲಿ ಅಕ್ಕಾರ? ಸೇಠಾಣಿ ಜೋಡಿ ಮಧ್ಯಾಹ್ನ ಉಪ್ಪಿನ ಗದ್ದಿಗೆ ಹೋಗ್ತಿದ್ದೆ ಅಂತ ಹೇಳ್ಲೇನು? ಆಮ್ಯಾಲೆ ಪೆಟ್ರೋಲ್ ಮಾತು ಯಾರು ಆಡ್ತಿದ್ರು? ಕಳ್ಳ ಅಂದ್ರ ಹೊಡೆದು ಬಿಡ್ತಾರ. ಆ ಮಾತು ಬಂದ್ರ ನನ್ನನ್ನ ಉಳಿಸ್ತಿದ್ದಿಲ್ಲ, ನಿಮ್ಮನ್ನೂ ಉಳಿಸ್ತಿದ್ದಿಲ್ಲ."

ಭಾಗವ್ವ ಸೆರಗಿನಿಂದ ಕಾಲು ಒರೆಸಿಕೊಂಡಳು. "ಗಾಡಿ ಹೊಡಿಯೋದು ಕಲ್ತ್ರಿ. ಬಾಯಿ ಬಿಡೋದು ಕಲೀಲಿಲ್ಲೇನ್ರಿ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ; ಬೇಯುವ ಅನ್ನದಲ್ಲಿ ನೀರು ಸಾಕೇ ಎಂದು ಕೇಳಿದಂತಿತ್ತು. ಹಿಂದಿರುಗುವಾಗ ರಾಜೀವಿ ಬಸ್ಸು ಹತ್ತಲಿಲ್ಲ. ಮಿಲ್ಲಿನ ಸಂಜೆಯ ಪಾಳಿ ಬಿಡುವ ಭೋಂಗಾ ದೂರದಿಂದ ಕೂಗಿತು. ಈ ಹೊತ್ತಿಗೆ ಹೋಟೆಲು ತುಂಬಿರುತ್ತದೆ, ಗಲ್ಲಾದಿಂದ ಪೆಟ್ರೋಲ್ ಚೋರ್ ಎಂಬ ಮಾತು ಮತ್ತೊಂದು ಮೇಜಿಗೆ ಹೋಗಿರುತ್ತದೆ ಎಂದು ಅವಳಿಗೆ ತಿಳಿದಿತ್ತು.

ಭಾನುವಾರ ಮಧ್ಯಾಹ್ನ ಸದಾನಂದ ಮನೆಯಲ್ಲೇ ಊಟಕ್ಕೆ ಕೂತ. ಬಂಗುಡೆ ಸಾರು ಚೆನ್ನಾಗಿದೆ ಎಂದ. ಎರಡನೇ ಸಲ ಅನ್ನ ಬಡಿಸುತ್ತ ರಾಜೀವಿ ಹೇಳಿದಳು.

"ಪೆಟ್ರೋಲ್ ಮರೆಪ್ಪ ಕದ್ದದ್ದಲ್ಲ. ನಾನು ಗಾಡಿ ಕಲಿತೆ. ಬಂದರಿನ ರಸ್ತೆಯಲ್ಲಿ. ಫಸ್ಟ್ ಗೇರಿನಲ್ಲೇ ಸುತ್ತಿ ಸುತ್ತಿ ಖರ್ಚಾದದ್ದು."

ಸದಾನಂದ ನಕ್ಕ. ಅವಳು ನಗದಿರುವುದನ್ನು ಕಂಡು ತುತ್ತು ಕೆಳಗಿಟ್ಟ.

"ಯಾರು ಕಲಿಸಿದ್ದು?"

"ಅವರೇ. ಬೇಡ ಅಂದಿದ್ದರು. ನಾನೇ ಕೇಳಿದ್ದು."

ಅವನು ಪಕ್ಕದ ಮನೆಯ ಗೋಡೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಆಯಿತು. ಆದದ್ದು ಆಯಿತು. ಅವನಿಗೆ ಏನಾದರೂ ಕೊಟ್ಟು ಊರಿಗೆ ಕಳಿಸ್ತೇನೆ. ನೀನು ಇದನ್ನು ಇನ್ನು ಯಾರ ಹತ್ತಿರವೂ ಎತ್ತಬೇಡ."

"ಕಳ್ಳ ಅಂತ ಅಂಗಳದಲ್ಲಿ ಹೇಳಿದಿರಲ್ಲ?"

"ಕಳ್ಳ ಅಂತಲೇ ಇರಲಿ. ಅಂಥವರಿಗೆ ಅದೇನು ಹೊಸತಾ? ನನ್ನ ಹೆಂಡತಿ ಅವನ ಜೊತೆ, ಆ ಜಾತಿಯವನ ಜೊತೆ, ಒಂದೇ ಸೀಟಲ್ಲಿ ಕೂತು ಸುತ್ತುತ್ತಿದ್ದಳು ಅಂತ ಗೊತ್ತಾದರೆ ನಾನು ಗಲ್ಲಾದಲ್ಲಿ ಹೇಗೆ ಕೂರುವುದು?"

"ಮಾವನನ್ನು ಅಂಗಳದಲ್ಲಿ ನಿಲ್ಲಿಸಿದರು ಅಂತ ಅಳ್ತೀರಲ್ಲ, ಆಗ ಮೈಕಿನ ಮುಂದೆ ಹೇಗೆ ನಿಲ್ಲುತ್ತೀರಿ?"

"ಅದು ಬೇರೆ," ಅಂದ ಸದಾನಂದ. "ನೀನು ಬಾಯಿ ಮುಚ್ಚು."

ರಾಜೀವಿ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಕೈ ತೊಳೆದು, ಮೊಳೆಯಲ್ಲಿದ್ದ ಗಾಡಿಯ ಚಾವಿ ತೆಗೆದುಕೊಂಡು ಮೆಟ್ಟಿಲು ಇಳಿದಳು.

ಭಾನುವಾರವಾದ್ದರಿಂದ ಗ್ಯಾಲರಿಗಳಲ್ಲಿ ಜನವಿತ್ತು. ಯಾರದೋ ಮನೆಯ ರೇಡಿಯೋದಲ್ಲಿ ಮರಾಠಿ ಅಭಂಗ ಬರುತ್ತಿತ್ತು. ಅವಳು ಗಾಡಿಯ ಬಾಗಿಲು ತೆರೆದು ಸ್ಟಿಯರಿಂಗಿಗೆ ಕೂತು ಇಂಜಿನ್ ಚಾಲು ಮಾಡಿದಾಗ ರೇಡಿಯೋದ ಸದ್ದನ್ನು ಯಾರೋ ಕಡಿಮೆ ಮಾಡಿದರು. ಸದಾನಂದ ಲುಂಗಿಯಲ್ಲೇ, ಸಾರಿನ ಕೈಯಲ್ಲೇ ಓಡಿ ಬಂದ. ಮೇಲಿನವರಿಗೆ ಕಾಣಲೆಂದು ಒಂದು ನಗೆಯನ್ನು ತಂದುಕೊಂಡು ಕಿಟಕಿಗೆ ಬಗ್ಗಿದ.

"ಎಲ್ಲಿಗೆ?"

"ಮರೆಪ್ಪನ ಮನೆಗೆ. ನೀವೂ ಬನ್ನಿ. ಇಲ್ಲಿ ಹೇಳಿದ್ದನ್ನು ಅಲ್ಲಿ ಬಂದು ವಾಪಸ್ ತೆಗೆದುಕೊಳ್ಳಿ."

"ಮೆಲ್ಲಗೆ ಮಾತಾಡು."

"ಮೆಲ್ಲಗೆ ಹೇಳುವ ಮಾತಲ್ಲ ಇದು." ಅವಳು ಗ್ಯಾಲರಿಗಳಿಗೆ ಕೇಳುವಷ್ಟು ದನಿ ಎತ್ತಿದಳು. "ಮರೆಪ್ಪ ಕದ್ದಿಲ್ಲ. ನನಗೆ ಗಾಡಿ ಕಲಿಸಿದರು. ಪೆಟ್ರೋಲ್ ಖಾಲಿ ಮಾಡಿದ್ದು ನಾನು."

ಸದಾನಂದನ ನಗೆ ಮುಖದ ಮೇಲೆಯೇ ಉಳಿದುಹೋಯಿತು. ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದ.

"ಇಳಿ, ರಾಜೀವಿ."

"ಇಳಿಯುವುದಿಲ್ಲ."

"ಇಳಿ ಅಂದೆ."

ಅವಳು ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟು ಮುಂದೆ ನೋಡುತ್ತ, ಅವನು ಹತ್ತಲೆಂದು ಕಾದು ಕೂತಳು. ಇಂಜಿನ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮೂರನೇ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸೊಬ್ಬಳು ಒದ್ದೆ ಸೀರೆಯ ತುದಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಸೀರೆಯ ನೀರು ಗಾಡಿಯ ಗಾಜಿನ ಮೇಲೆ ತೊಟ್ಟಿಕ್ಕಿ, ಉದ್ದ ಗೆರೆಯಾಗಿ ಕೆಳಗಿಳಿಯುತ್ತಿತ್ತು.